ಬೇರೆ ಪಾರ್ಟಿಯವರ ಮೇಲೂ ಅಂತಃಕರಣ ಇಟ್ಟುಕೊಳ್ಳುವುದು ಹೇಗೆ?

2023ರ ಮೇ 10ಕ್ಕೆ ವಿಧಾನಸಭೆ. 2024ರ ಮೇ 7ಕ್ಕೆ ಲೋಕಸಭೆ. ಎರಡೂ ಸಲ ನಾವು ಕಲಬುರಗಿ, ಬೀದರ್, ಯಾದಗಿರಿ ಜನ ಉರಿ ಬಿಸಿಲಿನಲ್ಲಿ ನಿಂತು ಓಟು ಹಾಕಿದೆವು. ಆಮೇಲೆ ಮಳೆ ಬಂತು, ತೊಗರಿ ಬಿತ್ತಿದೆವು, ರಾಶಿಯೂ ಆಯಿತು. ಆದರೆ ಆ ಚುನಾವಣೆಯಲ್ಲಿ ಮಾತು ಬಿಟ್ಟವರು ಹಲವರು ಇನ್ನೂ ಮಾತಾಡುತ್ತಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರು ಇದ್ದಾರೆ. ಒಂದೇ ಬೆಂಚಿನಲ್ಲಿ ಕೂತು ಓದಿದವರಿದ್ದಾರೆ. ಮಗಳ ಮದುವೆ ಕಾರ್ಡ್ ಕೊಡಲು ಊರೆಲ್ಲ ತಿರುಗಿ, ಪಕ್ಕದ ಮನೆಯ ಬಾಗಿಲು ಮಾತ್ರ ದಾಟಿ ಹೋದವರಿದ್ದಾರೆ. ಕಾರಣ ಕೇಳಿದರೆ ಹೊಲದ ಜಗಳವೂ ಇಲ್ಲ, ದುಡ್ಡಿನ ಜಗಳವೂ ಇಲ್ಲ. ಬರೀ ಪಾರ್ಟಿ.

ಇದು ನನಗೆ ಬಹಳ ಸಂಕಟ ಕೊಡುವ ವಿಷಯ. ಹಾಗಾಗಿ ಮಾತು ಬಿಟ್ಟವರಿಗೆ, ಬಿಡುವ ಹಂತಕ್ಕೆ ಬಂದವರಿಗೆ ನನಗೆ ತಿಳಿದ ದಾರಿಯನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಓಟು ಬದಲಿಸಿ ಅಂತ ನಾನು ಹೇಳುತ್ತಿಲ್ಲ. ಎಲ್ಲರೂ ಸರಿ ಅಂತಲೂ ಹೇಳುತ್ತಿಲ್ಲ. ನನಗೂ ಗಟ್ಟಿಯಾದ ಅಭಿಪ್ರಾಯ ಇದೆ, ಅದನ್ನು ಬಿಡುವ ಯೋಚನೆ ಇಲ್ಲ. ಯಾವ ಪಾರ್ಟಿ ಅಂತ ಇಲ್ಲಿ ಬರೆದರೆ ಅರ್ಧ ಜನ ಇಲ್ಲಿಗೇ ಓದುವುದು ನಿಲ್ಲಿಸುತ್ತಾರೆ, ಅದಕ್ಕೇ ಬರೆಯುತ್ತಿಲ್ಲ. ನಾನು ಕೇಳುವುದು ಇಷ್ಟೇ. ಎದುರು ಪಾರ್ಟಿಗೆ ಓಟು ಹಾಕುವ ಮನುಷ್ಯನಿಗೂ ಒಂದು ಸಂಕಟ ಇರುತ್ತದೆ, ಒಂದು ಭಯ ಇರುತ್ತದೆ, ಅವನ ಮನೆಯಲ್ಲಿ ಏನೋ ನಡೆದಿರುತ್ತದೆ. ಅದನ್ನು ತಿಳಿದುಕೊಳ್ಳುವವರೆಗೆ ಅವನ ಬಗ್ಗೆ ತೀರ್ಪು ಕೊಡಬೇಡಿ.

ಲೀಡರ್ ಬೇರೆ, ಮನುಷ್ಯ ಬೇರೆ

ಯಾರ ಮೇಲಾದರೂ ಸಿಟ್ಟು ಬಂದಾಗ ಒಂದು ಪ್ರಶ್ನೆ ಹಾಕಿಕೊಳ್ಳಿ. ಈ ಸಿಟ್ಟು ನಿಜವಾಗಿ ಯಾರ ಮೇಲೆ? ಎದುರಿಗೆ ಕೂತ ಕಾಕಾನ ಮೇಲೋ, ಟಿವಿಯಲ್ಲಿ ನೋಡಿದ ಲೀಡರ್ ಮೇಲೋ? ಬಹಳ ಸಲ ಲೀಡರ್ ಮೇಲಿನ ಸಿಟ್ಟನ್ನು ನಾವು ಕೈಗೆ ಸಿಕ್ಕ ಸಂಬಂಧಿಕರ ಮೇಲೆ ತೀರಿಸಿಕೊಳ್ಳುತ್ತೇವೆ. ಲೀಡರ್ ನಮಗೆ ಸಿಗುವುದಿಲ್ಲ, ಕಾಕಾ ಸಿಗುತ್ತಾರೆ, ಅಷ್ಟೇ ಕಾರಣ.

ನಮ್ಮ ಭಾಗದ ರಾಜಕೀಯವನ್ನೇ ಸ್ವಲ್ಪ ನೆನಪಿಸಿಕೊಳ್ಳಿ. ಚಿಂಚೋಳಿಯ ವೀರೇಂದ್ರ ಪಾಟೀಲರು 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಜನತಾ ಪಕ್ಷದಿಂದ ಇಂದಿರಾ ಗಾಂಧಿ ವಿರುದ್ಧವೇ ನಿಂತು ಸೋತವರು. ಮುಂದೆ ಕಾಂಗ್ರೆಸ್ ಸೇರಿದರು, 1989ರಲ್ಲಿ ಅದೇ ಪಕ್ಷದ ಮುಖ್ಯಮಂತ್ರಿಯಾದರು. 2019ರಲ್ಲಿ ಕಲಬುರಗಿಯಲ್ಲಿ ಬಿಜೆಪಿಯಿಂದ ನಿಂತು ಮಲ್ಲಿಕಾರ್ಜುನ ಖರ್ಗೆಯವರನ್ನು ಸೋಲಿಸಿದ ಉಮೇಶ ಜಾಧವ್, ಅದಕ್ಕೂ ಮುಂಚೆ ಚಿಂಚೋಳಿಯಲ್ಲಿ ಕಾಂಗ್ರೆಸ್ ಶಾಸಕರಾಗಿದ್ದವರು. 2024ರಲ್ಲಿ ಕಲಬುರಗಿ ಲೋಕಸಭಾ ಕ್ಷೇತ್ರ ಮತ್ತೆ ಕಾಂಗ್ರೆಸ್‌ಗೆ ಬಂತು.

ಇದನ್ನು ಲೀಡರ್‌ಗಳನ್ನು ಬೈಯಲು ಹೇಳುತ್ತಿಲ್ಲ. ಮತದಾರರ ಬಗ್ಗೆ ಯೋಚಿಸಿ ಅಂತ ಹೇಳುತ್ತಿದ್ದೇನೆ. 2014, 2019, 2024, ಮೂರು ಸಲವೂ ಓಟು ಹಾಕಿದ್ದು ಹೆಚ್ಚುಕಡಿಮೆ ಅದೇ ಜನ. ಸಾವಿರಾರು ಜನ ಒಮ್ಮೆ ಈ ಕಡೆ ಹಾಕಿದರು, ಒಮ್ಮೆ ಆ ಕಡೆ ಹಾಕಿದರು. 2014ರಲ್ಲಿ ಒಳ್ಳೆಯವರಾಗಿದ್ದವರು 2019ರಲ್ಲಿ ಕೆಟ್ಟವರಾಗಿ, 2024ರಲ್ಲಿ ಮತ್ತೆ ಒಳ್ಳೆಯವರಾದರಾ? ಹಾಗೆ ಆಗಲು ಸಾಧ್ಯವಿಲ್ಲ ಅಲ್ವಾ. ಆ ವರ್ಷ ಅವರಿಗೆ ಏನು ಬೇಕಿತ್ತು, ಯಾವುದರ ಮೇಲೆ ಬೇಸರ ಇತ್ತು, ಯಾರ ಮಾತು ನಂಬಿಕೆ ಹುಟ್ಟಿಸಿತು, ಅದರ ಮೇಲೆ ಹಾಕಿದರು. ನೀವೂ ಹಾಗೇ ಹಾಕಿದ್ದು.

ಅಭಿಪ್ರಾಯ ಕೇಳಬೇಡಿ, ಏನಾಯಿತು ಅಂತ ಕೇಳಿ

ಈ ಇಡೀ ಬರಹದಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಅಭಿಪ್ರಾಯ ಕೇಳಿದರೆ ಜನ ಟಿವಿಯಲ್ಲಿ ಕೇಳಿದ್ದನ್ನು ಹೇಳುತ್ತಾರೆ. ಏನಾಯಿತು ಅಂತ ಕೇಳಿದರೆ ತಮ್ಮದನ್ನು ಹೇಳುತ್ತಾರೆ.

ಫ್ರೀ ಬಸ್ ವಿಷಯ ತೆಗೆದುಕೊಳ್ಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಶುರುವಾಯಿತು, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ನಮ್ಮ ಕಡೆ ಚಾದಂಗಡಿಯಲ್ಲಿ ಈ ಮಾತು ಬಂದರೆ ಎರಡೇ ನಿಮಿಷಕ್ಕೆ ಜಗಳ. ಒಬ್ಬರು ‘ಬಿಟ್ಟಿ ಕೊಟ್ಟು ರಾಜ್ಯ ಮುಳುಗಿಸಿದರು’ ಅನ್ನುತ್ತಾರೆ. ಇನ್ನೊಬ್ಬರು ‘ಬಡವರಿಗೆ ಕೊಟ್ಟರೆ ನಿಮಗ್ಯಾಕೆ ಹೊಟ್ಟೆ ಉರಿ’ ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಈಗ ಅದೇ ಇಬ್ಬರ ಜೀವನ ನೋಡಿ. ಮೊದಲನೆಯವರು ಊರಿಂದ ಊರಿಗೆ ಆಟೋ ಹೊಡೆಯುವವರು. ಸಂತೆಗೆ, ದವಾಖಾನೆಗೆ, ತವರಿಗೆ ಹೋಗುವ ಹೆಣ್ಣುಮಕ್ಕಳೇ ಅವರ ಗಿರಾಕಿಗಳು. ಆ ಗಿರಾಕಿಗಳು ಬಸ್ಸಿಗೆ ಹೋದರು. ಆಟೋದ ಕಂತು ಮಾತ್ರ ತಿಂಗಳಾ ತಿಂಗಳಾ ಬರುತ್ತದೆ, ಕಟ್ಟದಿದ್ದರೆ ಫೈನಾನ್ಸ್‌ನವರು ಮನೆಗೆ ಬರುತ್ತಾರೆ. ಎರಡನೆಯವರ ಹೆಂಡತಿ ದಿನಾ ಹಳ್ಳಿಯಿಂದ ಕಲಬುರಗಿಗೆ ಬಂದು ಮನೆಗೆಲಸ ಮಾಡುವವರು. ಮುಂಚೆ ದಿನದ ಕೂಲಿಯಲ್ಲಿ ಒಂದು ಪಾಲು ಬಸ್ಸಿಗೇ ಹೋಗುತ್ತಿತ್ತು, ಈಗ ಅದು ಮಗನ ಟ್ಯೂಷನ್‌ಗೆ ಹೋಗುತ್ತದೆ. ಗೃಹಲಕ್ಷ್ಮಿಯ 2000 ರೂಪಾಯಿ ಬಂದ ತಿಂಗಳು ಕಿರಾಣಿ ಅಂಗಡಿಯ ಉದ್ರಿ ತೀರುತ್ತದೆ. ಇಬ್ಬರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ? ಯಾರೂ ಇಲ್ಲ. ಆಟೋದವರು ಹೆಣ್ಣುಮಕ್ಕಳ ವಿರೋಧಿ ಆಗಿರಲಿಲ್ಲ, ಕಂತಿನ ಚಿಂತೆಯಲ್ಲಿದ್ದರು. ಎರಡನೆಯವರು ಬಿಟ್ಟಿಗೆ ಬಾಯಿ ಬಿಡುವವರಲ್ಲ, ಹೆಂಡತಿಯ ದುಡಿಮೆಗೆ ಈಗ ಬೆಲೆ ಬಂತು ಅಂತ ಖುಷಿಯಲ್ಲಿದ್ದರು. ಈ ಎರಡು ಮಾತು ಅಲ್ಲಿ ಯಾರ ಬಾಯಿಂದಲೂ ಬರಲಿಲ್ಲ, ಯಾಕೆಂದರೆ ಯಾರೂ ಕೇಳಲಿಲ್ಲ.

ಯೋಜನೆ ಒಳ್ಳೆಯದೋ ಕೆಟ್ಟದ್ದೋ ಅಂತ ಇದಾದ ಮೇಲೂ ವಾದ ಮಾಡಬಹುದು. ಮಾಡಲೇಬೇಕು. ಆದರೆ ಕಂತಿನ ವಿಷಯ ತಿಳಿದ ಮೇಲೆ ಮಾಡುವ ವಾದದ ದನಿಯೇ ಬೇರೆ ಇರುತ್ತದೆ.

ಕೇಳುವುದು ಹೇಗೆ ಅಂದರೆ ನಮ್ಮ ಭಾಷೆಯಲ್ಲೇ, ನಮ್ಮ ಮರ್ಯಾದೆಯಲ್ಲೇ. ‘ಕಾಕಾ, ನಿಮಗ ಹಂಗ್ಯಾಕ ಅನಸ್ತದ್ರಿ? ಏನರೆ ಆಗಿತ್ತೇನು?’ ಇಷ್ಟು ಸಾಕು. ಅಥವಾ ‘ಅಣ್ಣಾ, ಮೊದಲ ನೀವು ಆ ಪಾರ್ಟಿಗಿ ಹಾಕ್ತಿದ್ರಿ, ಯಾವಾಗ ಮನಸು ಮುರೀತು?’ ಆಮೇಲೆ ಬಾಯಿ ಮುಚ್ಚಿಕೊಂಡು ಕೇಳಬೇಕು. ಇದೇ ಕಷ್ಟದ ಕೆಲಸ. ಅವರು ಹೇಳುವಾಗ ನಡುವೆ ಒಂದು ತಪ್ಪು ಅಂಕಿ ಬರುತ್ತದೆ, ಒಂದು ಸುಳ್ಳು ಸುದ್ದಿ ಬರುತ್ತದೆ, ತಿದ್ದಲು ನಾಲಿಗೆ ತುದಿಯಲ್ಲಿ ಮಾತು ನಿಂತಿರುತ್ತದೆ. ತಡೆದುಕೊಳ್ಳಿ. ತಿದ್ದುವುದಕ್ಕೆ ನಾಳೆ ಇದೆ. ಇವತ್ತು ಅವರ ಕಥೆ ಪೂರ್ತಿ ಹೊರಗೆ ಬರಲಿ.

ಇದು ಸುಮ್ನೆ ನನ್ನ ನಂಬಿಕೆ ಮಾತ್ರ ಅಲ್ಲ. ಡೇವಿಡ್ ಬ್ರಾಕ್‌ಮನ್ ಮತ್ತು ಜೋಶುವಾ ಕಲ್ಲಾ ಅನ್ನುವ ಇಬ್ಬರು ಸಂಶೋಧಕರು ಅಮೆರಿಕದ ಮಯಾಮಿಯಲ್ಲಿ ಇದನ್ನು ಪರೀಕ್ಷೆ ಮಾಡಿ 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾರ್ಯಕರ್ತರು ಮನೆಮನೆಗೆ ಹೋಗಿ ಸುಮಾರು 10 ನಿಮಿಷ ಮಾತಾಡಿದರು. ವಿಷಯ ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ. ಭಾಷಣ ಮಾಡಲಿಲ್ಲ. ‘ನೀವು ಬೇರೆ ಥರ ಇದ್ದೀರಿ ಅಂತ ಯಾರಾದರೂ ನಿಮ್ಮನ್ನು ಹೀಗಳೆದಿದ್ದು ನೆನಪಿದೆಯಾ’ ಅಂತ ಕೇಳಿದರು, ಉತ್ತರವನ್ನು ಕಿವಿಗೊಟ್ಟು ಕೇಳಿದರು. ಅಷ್ಟರಿಂದ ಜನರ ಮನಸ್ಸಿನಲ್ಲಾದ ಬದಲಾವಣೆ ಕನಿಷ್ಠ 3 ತಿಂಗಳು ಉಳಿದಿತ್ತು. ಅಲ್ಲಿಯ ಊರು, ಅಲ್ಲಿಯ ಜನ ಬೇರೆ. ಆದರೆ ತನ್ನ ಮಾತನ್ನು ಯಾರೋ ಪೂರ್ತಿ ಕೇಳಿದರು ಅನ್ನುವ ಸಮಾಧಾನ ನಮ್ಮ ಆಳಂದದವನಿಗೂ ಮಯಾಮಿಯವನಿಗೂ ಒಂದೇ.

1948 ಇನ್ನೂ ನಮ್ಮ ಮನೆಗಳಲ್ಲಿದೆ

ನಮ್ಮ ಮೂರು ಜಿಲ್ಲೆಗಳಲ್ಲಿ ರಾಜಕೀಯ ಸಿಟ್ಟಿನ ಬೇರು ಬಹಳ ಹಳೆಯದು. ಇದನ್ನು ತಿಳಿಯದೆ ಇಲ್ಲಿ ಯಾರ ಮೇಲೂ ಅಂತಃಕರಣ ಹುಟ್ಟುವುದು ಕಷ್ಟ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದಾಗ ನಾವು ಇನ್ನೂ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ನಂತರದ ಒಂದು ವರ್ಷ ನಿಜಾಮನ ಪರ ಇದ್ದ ಖಾಸಗಿ ಪಡೆ ರಜಾಕಾರರ ಹಾವಳಿ. ಹಳ್ಳಿಗಳ ಲೂಟಿ, ಕೊಲೆ, ರಾತ್ರೋರಾತ್ರಿ ಊರು ಬಿಟ್ಟ ಕುಟುಂಬಗಳು. ಬೀದರ್ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡದ ನೆನಪಿಗೆ ಅಲ್ಲಿ ಸ್ಮಾರಕವೇ ಇದೆ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಬಂತು, ಅದನ್ನೇ ಪೊಲೀಸ್ ಕಾರ್ಯಾಚರಣೆ ಅನ್ನುತ್ತಾರೆ, 17ಕ್ಕೆ ನಿಜಾಮ ಶರಣಾದ. ಅದಕ್ಕೇ ಸೆಪ್ಟೆಂಬರ್ 17ಕ್ಕೆ ನಾವು ಧ್ವಜ ಹಾರಿಸುತ್ತೇವೆ. ಆ ದಿನ ಧ್ವಜದ ಮುಂದೆ ನಿಂತು ಅತ್ತ ಅಜ್ಜಂದಿರನ್ನು ನಾನು ನೋಡಿದ್ದೇನೆ. ಆ ಕಣ್ಣೀರು ನಿಜ.

ಇದರ ಮುಂದಿನ ಭಾಗ ಎಲ್ಲರ ಮನೆಯಲ್ಲಿ ಹೇಳುವುದಿಲ್ಲ. ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಸೇಡಿನ ಹೆಸರಲ್ಲಿ ಮುಸ್ಲಿಮರ ಮೇಲೆ ಭಾರಿ ಹಿಂಸೆ ನಡೆಯಿತು. ರಜಾಕಾರರ ಜೊತೆ ಯಾವ ಸಂಬಂಧವೂ ಇಲ್ಲದ ಬಡ ಕುಟುಂಬಗಳೂ ಸತ್ತವು. ನೆಹರೂ ಸರ್ಕಾರ ಪಂಡಿತ ಸುಂದರಲಾಲ್ ಅವರ ತಂಡವನ್ನು ಇಲ್ಲಿಗೆ ಕಳಿಸಿತು. ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದು ಅಂತ ಆ ತಂಡ ಅಂದಾಜು ಮಾಡಿತು. ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳು ಅಂತ ಅವರು ಬರೆದಿದ್ದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ. ಇವತ್ತಿನ ಯಾದಗಿರಿ ಆಗ ಗುಲ್ಬರ್ಗದಲ್ಲೇ ಇತ್ತು. ಆ ವರದಿ ಹತ್ತಾರು ವರ್ಷ ಜನರ ಕೈಗೆ ಸಿಗಲಿಲ್ಲ. ಅಕ್ಕಪಕ್ಕದ ಹಿಂದೂಗಳು ಜೀವ ಒತ್ತೆಯಿಟ್ಟು ಮುಸ್ಲಿಮರನ್ನು ಉಳಿಸಿದ ಘಟನೆಗಳೂ ಅದೇ ವರದಿಯಲ್ಲಿವೆ.

ಈಗ ಯೋಚಿಸಿ. ಒಂದು ಮನೆಯಲ್ಲಿ ಅಜ್ಜಿ ಮೊಮ್ಮಕ್ಕಳಿಗೆ ಗೋರಟಾದ ಕಥೆ ಹೇಳಿ ಬೆಳೆಸಿದಳು. ಎರಡು ಓಣಿ ಆಚೆ ಇನ್ನೊಂದು ಮನೆಯಲ್ಲಿ ದಾದಿ, ಅಂದರೆ ಅಲ್ಲಿಯ ಅಜ್ಜಿ, ತನ್ನ ಅಣ್ಣಂದಿರು ಸೆಪ್ಟೆಂಬರ್‌ನಲ್ಲಿ ಹೊಲಕ್ಕೆ ಹೋದವರು ವಾಪಸ್ ಬರಲಿಲ್ಲ ಅಂತ ಹೇಳಿ ಬೆಳೆಸಿದಳು. ಆ ಮೊಮ್ಮಕ್ಕಳು ಇವತ್ತು ಒಂದೇ ಕಾಲೇಜು, ಒಂದೇ ಆಫೀಸು. ಒಬ್ಬನಿಗೆ ‘ಮತ್ತೆ ಹಾಗಾದರೆ’ ಅನ್ನುವ ಭಯ. ಇನ್ನೊಬ್ಬನಿಗೂ ‘ಮತ್ತೆ ಹಾಗಾದರೆ’ ಅನ್ನುವ ಭಯ. ಓಟು ಬೇರೆ ಬೇರೆ ಕಡೆ ಹೋಗುತ್ತದೆ. ಒಬ್ಬನ ಮನೆಯ ಕಥೆ ಇನ್ನೊಬ್ಬನಿಗೆ ಗೊತ್ತೇ ಇಲ್ಲ. ಗೊತ್ತಿಲ್ಲದ ಕಾರಣ ಆ ಭಯ ಇವನಿಗೆ ದ್ವೇಷದ ಹಾಗೆ ಕಾಣುತ್ತದೆ.

ಈ ವಿಷಯ ಕೇಳುವಾಗ ಬಹಳ ಹಗುರ ಕೈ ಬೇಕು. ಅವರ ಕಥೆ ಹೇಳಿ ಮುಗಿಯುವ ಮೊದಲೇ ‘ಹಾಗಾದರೆ ರಜಾಕಾರರು ಮಾಡಿದ್ದು?’ ಅಂತಲೋ, ‘ಆಮೇಲೆ ನಿಮ್ಮವರು ಮಾಡಿದ್ದು?’ ಅಂತಲೋ ಎದುರು ಲೆಕ್ಕ ತೆಗೆಯಬೇಡಿ. ಒಂದು ಸಾವನ್ನು ಇನ್ನೊಂದು ಸಾವಿನಿಂದ ವಜಾ ಮಾಡಲು ಬರುವುದಿಲ್ಲ. ಅಜ್ಜಿಯ ಕಥೆ ಕೇಳಿದ ದಿನ ಅಜ್ಜಿಯ ಕಥೆ ಮಾತ್ರ ಕೇಳಿ. ನಿಮ್ಮ ಮನೆಯದನ್ನು ಅವರು ಕೇಳಿದಾಗ ಹೇಳಿ. ಬಹುತೇಕ ಕೇಳುತ್ತಾರೆ. ಈ ಕಥೆ ಹೇಳಬಲ್ಲ ಹಿರಿಯರು ನಮ್ಮ ನಡುವೆ ಈಗ ಬಹಳ ಕಡಿಮೆ ಉಳಿದಿದ್ದಾರೆ, ಹಾಗಾಗಿ ಕೇಳುವುದಿದ್ದರೆ ತಡ ಮಾಡಬೇಡಿ.

ಎಲ್ಲಿ ಮಾತಾಡಬೇಕು, ಎಲ್ಲಿ ಬೇಡ

ಕಟ್ಟೆಯ ಮೇಲೆ ಹತ್ತು ಜನರ ಮುಂದೆ ಬೇಡ. ಅಲ್ಲಿ ಪ್ರತಿಯೊಬ್ಬರಿಗೂ ಗೆಲ್ಲಲೇಬೇಕು, ಸೋತರೆ ಮರ್ಯಾದೆ ಪ್ರಶ್ನೆ. ನಾಲ್ಕು ಗೋಡೆ ನಡುವೆ ಮುಖಾಮುಖಿ ಕೂತರೂ ಸ್ವಲ್ಪ ಬಿಗಿ. ನನ್ನ ಅನುಭವದಲ್ಲಿ ಒಳ್ಳೆಯ ಮಾತು ಬರುವುದು ಕೈಗೆ ಬೇರೆ ಕೆಲಸ ಇದ್ದಾಗ. ಒಂದೇ ಬೈಕಿನಲ್ಲಿ ಸೇಡಂಗೆ ಹೋಗುವಾಗ, ತೊಗರಿ ಚೀಲ ಎಪಿಎಂಸಿಗೆ ಹಾಕಿ ಸರದಿ ಕಾಯುವಾಗ, ದವಾಖಾನೆಯ ಹೊರಗೆ ರಾತ್ರಿ ಕೂತಿದ್ದಾಗ. ಮುಖ ಮುಖ ನೋಡಬೇಕಾಗಿಲ್ಲ, ನಡುವೆ ಸುಮ್ಮನಿದ್ದರೂ ಮುಜುಗರ ಇಲ್ಲ.

ಎಲ್ಲಕ್ಕಿಂತ ಒಳ್ಳೆಯ ದಿನ ಎಳ್ಳ ಅಮಾವಾಸ್ಯೆ. ಹೊಲಕ್ಕೆ ಹೋಗಿ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಬನ್ನಿ ಗಿಡದ ನೆರಳಲ್ಲಿ ಸಜ್ಜೆ ರೊಟ್ಟಿ, ಬಜ್ಜಿ ಪಲ್ಯ, ಅಂಬಲಿ, ಶೇಂಗಾ ಹೋಳಿಗೆ ಹಾಕಿಕೊಂಡು ಕೂತಾಗ ಹೊಲ ಇಲ್ಲದವರನ್ನೂ ಕರೆದು ಉಣಿಸುವುದು ನಮ್ಮ ಪದ್ಧತಿ. ಮಾತು ಬಿಟ್ಟವರನ್ನು ಕರೆಯಲು ಇದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ. ಆ ದಿನ ರಾಜಕೀಯ ಎತ್ತಲೇಬೇಡಿ. ಬೆಳೆ ಹೇಗಿದೆ, ಹುಡುಗರು ಏನು ಓದುತ್ತಿದ್ದಾರೆ, ಅಷ್ಟು ಸಾಕು. ದೊಡ್ಡ ಮಾತು ಮುಂದಿನ ಸಲಕ್ಕಿರಲಿ. ಮುರಿದ ಮಾತು ಮೊದಲು ಸಣ್ಣ ಮಾತಾಗಿಯೇ ಕೂಡಬೇಕು.

ವಾಟ್ಸ್‌ಆ್ಯಪ್‌ನಲ್ಲಂತೂ ಬೇಡವೇ ಬೇಡ. ಅಲ್ಲಿ ದನಿ ಕೇಳುವುದಿಲ್ಲ, ಮುಖ ಕಾಣುವುದಿಲ್ಲ. ಎದುರಿಗೆ ‘ನೀವು’ ಅನ್ನುವ ಹುಡುಗ ಅಲ್ಲಿ ತನ್ನ ಮಾಮಾನಿಗೇ ‘ಭಕ್ತ’ ಅಂತಲೋ ‘ಗುಲಾಮ’ ಅಂತಲೋ ಬರೆಯುತ್ತಾನೆ. ಈ ಎರಡು ಹೆಸರನ್ನು ಇವತ್ತಿನಿಂದಲೇ ಬಿಟ್ಟುಬಿಡಿ. ಯಾವ ಕಡೆಯವರಾದರೂ ಸರಿ. ಒಂದು ಹೆಸರು ಅಂಟಿಸಿದ ಮೇಲೆ ಆ ಮನುಷ್ಯ ಹೇಳುವುದೇನೂ ಕಿವಿಗೆ ಬೀಳುವುದಿಲ್ಲ.

ಫಾರ್ವರ್ಡ್ ಮಾಡುವ ಕೈ ಎಲ್ಲಿಗೆ ಮುಟ್ಟಬಹುದು ಅಂತ ನಮ್ಮ ಭಾಗಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಗೆಳೆಯರ ಜೊತೆ ಬಂದಿದ್ದ ಒಬ್ಬ ಯುವ ಎಂಜಿನಿಯರ್‌ನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಅವರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಕಾರು ಮುರ್ಕಿ ಮುಟ್ಟುವ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಮುಟ್ಟಿತ್ತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಜಾಸ್ತಿ ಕಳಿಸದ ಹಾಗೆ ಮಿತಿ ಹಾಕುವುದಾಗಿ ಹೇಳಿತು. ಅಂದು ಅದು ರಾಜಕೀಯದ ಸಂದೇಶ ಆಗಿರಲಿಲ್ಲ. ಆದರೆ ಮುಖ ನೋಡದ ಜನರ ಬಗ್ಗೆ ಏನು ಬಂದರೂ ನಂಬುವ, ನಂಬಿದ್ದನ್ನು ತಕ್ಷಣ ಮುಂದೆ ತಳ್ಳುವ ಅಭ್ಯಾಸ ಅದೇ. ಎದುರು ಪಾರ್ಟಿಯವರ ಬಗ್ಗೆ ರಕ್ತ ಕುದಿಸುವ ವಿಡಿಯೊ ಬಂದರೆ ಆ ರಾತ್ರಿ ಕಳಿಸಬೇಡಿ. ಬೆಳಿಗ್ಗೆ ನೋಡಿ. ಬೆಳಿಗ್ಗೆಯೂ ಕಳಿಸಬೇಕು ಅನ್ನಿಸಿದರೆ, ಆ ಪಾರ್ಟಿಯಲ್ಲಿರುವ ನಿಮ್ಮ ಒಬ್ಬ ಪರಿಚಯದವರಿಗೆ ಮೊದಲು ಫೋನ್ ಮಾಡಿ, ಇದು ನಿಜವಾ ಅಂತ ಕೇಳಿ.

ಹೀಗೆ ಫೋನ್ ಮಾಡಬಲ್ಲ ಒಬ್ಬರಾದರೂ ನಿಮಗೆ ಇರಬೇಕು. ಇಲ್ಲ ಅಂದರೆ ಈ ತಿಂಗಳು ಮಾಡಬೇಕಾದ ಮೊದಲ ಕೆಲಸ ಅದೇ.

ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳಲು

ಎದುರಿನವರ ವಾದವನ್ನು ನೀವೇ ಅವರ ಮುಂದೆ ಹೇಳಿ ನೋಡಿ. ‘ಹೌದ್ರಿ, ನಾನು ಹೇಳೋದು ಇದೇ’ ಅಂತ ಅವರು ತಲೆ ಆಡಿಸಬೇಕು. ತಲೆ ಆಡಿಸದಿದ್ದರೆ ನೀವಿನ್ನೂ ಅವರ ಮಾತು ಕೇಳಿಲ್ಲ, ನಿಮ್ಮ ಕಡೆಯವರು ಅವರ ಬಗ್ಗೆ ಹೇಳಿದ್ದನ್ನು ಕೇಳಿದ್ದೀರಿ. ಇದು ನೋಡಲು ಸುಲಭ. ಮಾಡಲು ಹೋದರೆ ಬೆವರು ಬರುತ್ತದೆ.

ಇನ್ನೊಂದು, ಆ ಪಾರ್ಟಿಯವರೆಲ್ಲ ಒಂದೇ ಥರ ಅಂತ ತಿಳಿಯಬೇಡಿ. ಅಲ್ಲೂ ತಮ್ಮ ಲೀಡರ್ ಮಾತು ಕೇಳಿ ತಲೆ ತಗ್ಗಿಸಿದವರಿದ್ದಾರೆ. ಹೊರಗೆ ಹೇಳುವುದಿಲ್ಲ, ಯಾಕೆಂದರೆ ಹೇಳಿದರೆ ನೀವು ಅದನ್ನೇ ಹಿಡಿದು ಎಳೆಯುತ್ತೀರಿ ಅನ್ನುವ ಭಯ. ನಿಮ್ಮ ಕಡೆಯ ಒಂದು ತಪ್ಪನ್ನು ನೀವೇ ಮೊದಲು ಹೇಳಿ. ‘ನಮ್ಮವರು ಈ ವಿಷಯದಲ್ಲಿ ಸರಿಯಾಗಿ ಮಾಡಲಿಲ್ಲ’ ಅಂದುಬಿಡಿ. ಎದುರಿನವರ ಹೆಗಲು ಅಲ್ಲೇ ಸಡಿಲಾಗುತ್ತದೆ.

ಇಬ್ಬರಿಗೂ ಸೇರಿದ್ದು ನಮ್ಮಲ್ಲಿ ಏನೂ ಕಡಿಮೆ ಇಲ್ಲ. 2022ರಲ್ಲಿ ತೊಗರಿಗೆ ನೆಟೆ ರೋಗ ಬಂದು ನಿಂತ ಬೆಳೆ ಒಣಗಿದಾಗ ಅದು ಪಾರ್ಟಿ ನೋಡಿ ಬರಲಿಲ್ಲ. ಪರಿಹಾರಕ್ಕೆ ಎಲ್ಲರೂ ಕೂಡಿಯೇ ಕೂಗಿದೆವು. ನಮ್ಮ ಭಾಗಕ್ಕೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ತೆಗೆದುಕೊಳ್ಳಿ. ಅದಕ್ಕಾಗಿ ಹೋರಾಡಿದವರು ಬೇರೆ ಬೇರೆ ಪಕ್ಷದಲ್ಲಿದ್ದರು, 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಇವತ್ತು ಮೆಡಿಕಲ್ ಸೀಟಿಗೆ, ಸರ್ಕಾರಿ ನೌಕರಿಗೆ ಅರ್ಜಿ ಹಾಕುವಾಗ ಎಲ್ಲ ಪಾರ್ಟಿಯವರ ಮಕ್ಕಳೂ ಅದೇ ಸರ್ಟಿಫಿಕೇಟ್ ಹಿಡಿದು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಜಗಳ ಆದವರ ಜೊತೆ ಮಾತು ಶುರು ಮಾಡಲು ಇಂಥ ಒಂದು ಕೆಲಸ ಹುಡುಕಿ. ಅವರ ಮಗಳ ಸರ್ಟಿಫಿಕೇಟ್‌ಗೆ ಸರ್ಕಾರಿ ಕಚೇರಿಗೆ ಜೊತೆಗೆ ಹೋಗಿ. ಕೂಡಿ ಒಂದು ಕೆಲಸ ಮಾಡಿದವರ ನಡುವೆ ಮಾತು ತಾನಾಗಿ ಬರುತ್ತದೆ.

ಎಲ್ಲಿ ನಿಲ್ಲಬೇಕು

ಅಂತಃಕರಣಕ್ಕೆ ಒಂದು ಗಡಿ ಇದೆ. ಯಾರನ್ನಾದರೂ ಹೊಡೆಯಬೇಕು, ಓಡಿಸಬೇಕು, ಅವರ ಅಂಗಡಿ ಸುಡಬೇಕು ಅಂತ ಮಾತಾಡುವವರ ಜೊತೆ ಕೂತು ತಲೆ ಆಡಿಸಬೇಡಿ. ‘ಇದು ತಪ್ಪು’ ಅಂತ ಅಲ್ಲೇ ಹೇಳಿ, ಎದ್ದು ಬನ್ನಿ. ಅಗತ್ಯ ಬಿದ್ದರೆ ಪೊಲೀಸರಿಗೂ ಹೇಳಿ.

ಇನ್ನೊಂದು ವಿಷಯ ನನಗೆ ಇನ್ನೂ ಮುಖ್ಯ. ಜಾತಿಯ ಹೆಸರಲ್ಲಿ ತನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದವರನ್ನು ‘ನೀನೇ ಅರ್ಥ ಮಾಡಿಕೋ’ ಅಂತ ದಲಿತ ಹುಡುಗನಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ದಿನಾ ಬಾಡಿಗೆ ಮನೆ ಕೇಳಿ ‘ನಿಮಗೆ ಕೊಡುವುದಿಲ್ಲ’ ಅನ್ನಿಸಿಕೊಳ್ಳುವ ಮುಸ್ಲಿಂ ದಂಪತಿಗೂ ಹೇಳುವ ಹಕ್ಕಿಲ್ಲ. ಪೆಟ್ಟು ತಿಂದವರ ಮೇಲೆ ಈ ಕೆಲಸದ ಭಾರ ಹಾಕಬಾರದು. ಯಾರಿಗೆ ಮಾತಾಡಿದರೆ ಏನೂ ಕಳೆದುಕೊಳ್ಳುವ ಭಯ ಇಲ್ಲವೋ, ಯಾರ ಮಾತು ಆ ಮನೆಯಲ್ಲಿ, ಆ ಓಣಿಯಲ್ಲಿ ನಡೆಯುತ್ತದೋ, ಅವರು ಮೊದಲು ಮುಂದೆ ಬರಬೇಕು. ನಿಮ್ಮ ಸ್ವಂತ ಮಾವನ ಜೊತೆ ನೀವು ಮಾತಾಡಬಲ್ಲಿರಿ, ಅವರಿಂದ ಬೈಸಿಕೊಂಡ ಹುಡುಗನಿಗೆ ಅದು ಆಗುವುದಿಲ್ಲ. ಹಾಗಾಗಿ ನೀವು ಮಾತಾಡಿ.

ಮನಸ್ಸಿಗೆ ತ್ರಾಸ ಆದಾಗ ದೂರ ಇರುವುದೂ ತಪ್ಪಲ್ಲ. ಆದರೆ ದೂರ ಇರುವಾಗ ಬಾಗಿಲು ಪೂರ್ತಿ ಹಾಕಬೇಡಿ. ‘ಕಾಕಾ, ಇವತ್ತು ಈ ಮಾತು ಸಾಕ್ರಿ, ಮತ್ತೊಮ್ಮಿ ಕೂಡೋಣ’ ಅಂತ ಹೇಳಿ ಎದ್ದರೆ ನಾಳೆ ಮತ್ತೆ ಹೋಗಲು ದಾರಿ ಇರುತ್ತದೆ.

ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ

ವಿಧಾನಸಭೆ, ಲೋಕಸಭೆಗಿಂತ ಹಳ್ಳಿಗಳಲ್ಲಿ ಮನೆ ಒಡೆಯುವುದು ಗ್ರಾಮ ಪಂಚಾಯಿತಿ ಚುನಾವಣೆ. ಅಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ನಿಂತವರು ನಮ್ಮ ಓಣಿಯವರೇ. ಯಾರು ಯಾರಿಗೆ ಹಾಕಿದರು ಅಂತ ಊರಿಗೆಲ್ಲ ಅಂದಾಜು ಇರುತ್ತದೆ. ಅದಕ್ಕೇ ಮುಂಚೆಯೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಊಟದ ಹೊತ್ತಿಗೆ ಓಟಿನ ಮಾತಿಲ್ಲ. ಸೊಸೆಯಂದಿರನ್ನು, ಹುಡುಗರನ್ನು ‘ಇಂಥವರಿಗೇ ಹಾಕು’ ಅಂತ ಒತ್ತಾಯ ಮಾಡುವಂತಿಲ್ಲ. ಯಾರಿಗೆ ಹಾಕಿದಿ ಅಂತ ಆಮೇಲೆ ಕೇಳುವಂತೆಯೂ ಇಲ್ಲ. ಈ ಮೂರನ್ನು ಮನೆಯ ಹಿರಿಯರ ಬಾಯಿಂದಲೇ ಹೇಳಿಸಿ, ಆಗ ನಡೆಯುತ್ತದೆ.

ಫಲಿತಾಂಶದ ದಿನ ನಿಮ್ಮವರು ಗೆದ್ದರೆ ಮೆರವಣಿಗೆಯನ್ನು ಸೋತವರ ಮನೆ ಮುಂದೆ ನಿಲ್ಲಿಸಬೇಡಿ. ಅಲ್ಲಿ ಪಟಾಕಿ ಬೇಡ, ಗುಲಾಲು ಬೇಡ, ಹಲಗೆಯ ದನಿಯೂ ಸ್ವಲ್ಪ ತಗ್ಗಲಿ. ಹುಡುಗರು ಕೇಳದಿದ್ದರೆ ನೀವೇ ಟ್ರ್ಯಾಕ್ಟರ್ ಮುಂದೆ ನಿಂತು ಬೇರೆ ಓಣಿಗೆ ತಿರುಗಿಸಿ. ನಿಮ್ಮವರು ಸೋತರೆ ಗೆದ್ದವರಿಗೆ ಎರಡು ದಿನದ ಒಳಗೆ ಒಂದು ಮಾತು ಹೇಳಿ ಬನ್ನಿ, ನೀರಿನ ಟ್ಯಾಂಕಿನದೋ ಚರಂಡಿಯದೋ ನಿಮ್ಮ ಓಣಿಯ ಕೆಲಸ ಏನಿದೆ ಅಂತಲೂ ಆಗಲೇ ಹೇಳಿ. ಇನ್ನು ಸೋತವರ ಮನೆಗೆ ಹೋಗುವುದಿದ್ದರೆ ಸಂಜೆ ಒಬ್ಬರೇ ಹೋಗಿ. ಲೆಕ್ಕ ಹಾಕಲು, ಸಮಾಧಾನ ಹೇಳಲು ಹೋಗಬೇಡಿ. ಎಷ್ಟು ಓಟಿನಿಂದ ಸೋತಿರಿ ಅಂತಂತೂ ಕೇಳಲೇಬೇಡಿ. ಚಾ ಕೊಟ್ಟರೆ ಕುಡಿಯಿರಿ, ಅವರು ಮಾತಾಡಿದರೆ ಕೇಳಿ.